ಜ್ವಾಲೆ ಮುಟ್ಟಿಸದ ಬೆಸುಗೆ

ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತತೊಡಗಿದ್ದೇ ಚಿಕ್ಕಪ್ಪನ ಪಿಕಪ್ಪು ಜರ್ಕ್ ಹೊಡೆಯಿತು. ಒಂದೆರಡು ತಿರುವು ಹೇಗೋ ಎಳೆಯಿತು. ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದರೂ ದಮ್ಮಿಲ್ಲ. ನಿಂತೇಬಿಟ್ಟಿತು. ಹಿಂದೆ ಕರಾವಳಿಯಿಂದ ತಂದ ಮಂಗಳೂರು ಹಂಚಿನ ಲೋಡು. ನಾನು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ.

1990ರ ದಶಕದ ಕೊನೆಯ ಒಂದು ಮೇ ತಿಂಗಳು ಅದು. ನಮ್ಮೂರ ಶಾಲೆಯ ಮಾಡು ಬಿಚ್ಚಿ, ಹೊಸ ಪಕಾಸಿ, ರೀಪು ಹೊಡೆದಾಗಿತ್ತು. ಹಂಚು ಏರುವುದೊಂದೇ ಬಾಕಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಮಗ್ಗುಲಿನ ಊರು ನಮ್ಮದು. ಮಾಡಿಲ್ಲದ ಮಣ್ಣುಗೋಡೆ ಅಲ್ಲಿ ಒಂದು ಆಷಾಢವನ್ನೂ ತಾಳುವುದಿಲ್ಲ. ಹಂಚು ಹೊರಲು ಊರಲ್ಲಿ ಇದ್ದದ್ದು ಈ ಒಂದು ಗಾಡಿ.

ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸಿ ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಮತ್ತೆ ಎರಡು ತಿರುವು, ಮತ್ತೆ ನಿಂತಿತು. ನಿಲ್ಲುತ್ತಾ, ಏರುತ್ತಾ ಊರು ಮುಟ್ಟುವಾಗ ಕತ್ತಲಾಗಿತ್ತು. ಮರುದಿನ ಡೀಸೆಲ್ ಫಿಲ್ಟರ್ ಬದಲಾಯಿಸಿ, ಏರ್ ತೆಗೆದು ನೋಡಿದ್ದಾಯಿತು. ಸಮತಟ್ಟಿನಲ್ಲಿ ಸರಿ, ಲೋಡು ಬಿದ್ದೊಡನೆ ಅದೇ ಕಥೆ.

ತೀರ್ಥಹಳ್ಳಿಯಲ್ಲಿ ರೇಡಿಯೇಟರ್ ರಿಪೇರಿ ಮಾಡುತ್ತಿದ್ದ ಸಾಹೇಬರಿಗೆ ಇಷ್ಟು ಹೇಳಿದ್ದೇ ತಡ, ಅವರು ಬಾನೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಗಾಡಿಯಡಿಗೆ ಮಲಗಿ ಟ್ಯಾಂಕಿಗೆ ಬೆರಳಲ್ಲಿ ತಟ್ಟಿದರು.

"ಗೌಡ್ರೇ, ನಿಂತು ಸುಧಾರಿಸ್ಕೊಂಡು ಹೊರಡೋ ಗಾಡಿಗೆ ರೋಗ ಟ್ಯಾಂಕಲ್ಲೇ ಇರದು. ಒಳಗೆ ತುಕ್ಕಿನ ಹೊಟ್ಟು ಎದ್ದಿದೆ. ಎಂಜಿನ್ ಎಳೀವಾಗ ಹೀರೋ ಪೈಪಿನ ಜಾಲರಿಗೆ ಹೋಗಿ ಅಂಟ್ಕಳ್ತದೆ. ಆಫ್ ಮಾಡಿದ್ರೆ ಉದುರಿ ಬೀಳ್ತದೆ."

ಟ್ಯಾಂಕು ಇಳಿಸಿದೆವು. ಅದನ್ನು ಚಾಸಿಗೆ ಬಿಗಿದಿದ್ದ ಪಟ್ಟಿಯ ಕೆಳಗೆ ಮೆತ್ತನೆಯ ಅಸ್ತರಿ ಇತ್ತು. ಅದು ವರ್ಷಗಟ್ಟಲೆ ಕೆಸರುನೀರು ಕುಡಿದು ಹಸಿಯಾಗಿಯೇ ಉಳಿದಿತ್ತು. ಪಟ್ಟಿ ಬಿಚ್ಚಿದೊಡನೆ ಆ ಗೆರೆಯುದ್ದಕ್ಕೂ ತಗಡು ಪೊರೆ ಬಿಟ್ಟಿತು, ಎರಡು ತೂತು ಕಂಡವು. ಫ್ಲೋಟ್ ಕಳಚಿ ಟಾರ್ಚ್ ಬಿಟ್ಟರೆ ಒಳಗೆ ಇನ್ನೊಂದು ಲೋಕ: ಗೋಡೆಯ ತುಂಬ ಕೆಂಪು ಚಕ್ಕೆ, ತಳದಲ್ಲಿ ಒಂದಿಷ್ಟು ನೀರು, ನೀರಿಗೂ ಡೀಸೆಲಿಗೂ ನಡುವೆ ಕಪ್ಪು ಲೋಳೆ.

ಚಿಕ್ಕಪ್ಪನಿಗೆ ನಂಬಿಕೆಯೇ ಬರಲಿಲ್ಲ. "ಬಂಕಲ್ಲಿ ನೀರು ಬೆರೆಸಿದ್ದಾರಾ ಹಾಗಾರೆ?"

"ಯಾರೂ ಬೆರೆಸಬೇಕಾಗಿಲ್ಲ. ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಲ್ಲಿ ನಿಲ್ಸಿದ್ರಲ್ಲ, ಗಾಳೀನೇ ತಂದು ಹಾಕಿದೆ."

ಆ ಮಾತಿನ ಹಿಂದಿನ ವಿಜ್ಞಾನ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಟ್ಯಾಂಕಿನ ಖಾಲಿ ಭಾಗದಲ್ಲಿ ಇರುವುದು ಗಾಳಿ. ಹಗಲು ಬಿಸಿಗೆ ಅದು ಹಿಗ್ಗಿ ಹೊರಹೋಗುತ್ತದೆ, ರಾತ್ರಿ ತಣಿದಾಗ ಹೊರಗಿನ ತೇವದ ಗಾಳಿ ಒಳಬರುತ್ತದೆ. ತಣ್ಣನೆಯ ತಗಡಿಗೆ ಆ ತೇವ ಬೆವರಾಗಿ ಕೂರುತ್ತದೆ. ಒಂದು ಲೀಟರ್ ಡೀಸೆಲ್ ತೂಕ ಸುಮಾರು 830 ಗ್ರಾಂ, ನೀರಿನದು ಒಂದು ಕಿಲೊ. ಹಾಗಾಗಿ ನೀರು ತಳ ಸೇರಿ, ಹೀರುವ ಪೈಪಿಗೆ ಸಿಗದಷ್ಟು ಕೆಳಗೆ ಕೂತು ಕಬ್ಬಿಣವನ್ನು ತಿನ್ನುತ್ತದೆ. ಆ ಲೋಳೆಯಲ್ಲಿದ್ದದ್ದು ಬೂಷ್ಟು, ಬ್ಯಾಕ್ಟೀರಿಯಾಗಳು. ನೀರಲ್ಲಿ ಬದುಕಿ ಡೀಸೆಲನ್ನೇ ಉಣ್ಣುವ ಅವು ಆಮ್ಲ ಬಿಟ್ಟು ತುಕ್ಕಿಗೆ ಇನ್ನಷ್ಟು ದಾರಿ ಮಾಡುತ್ತವೆ. ಇದೆಲ್ಲ ಫಿಲ್ಟರ್ ದಾಟಿ ಡೀಸೆಲ್ ಪಂಪಿಗೆ ಹೋಯಿತೋ, ಗಾಡಿಗಿಂತ ರಿಪೇರಿ ದುಬಾರಿ. ಪಂಪಿನೊಳಗೆ ಒಂದಕ್ಕೊಂದು ಉಜ್ಜುವ ಭಾಗಗಳ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ. ಆ ಸಂದಿಗೆ ಡೀಸೆಲ್ಲೇ ಗ್ರೀಸು.

ಹೊಸ ಟ್ಯಾಂಕು ಶಿವಮೊಗ್ಗದಲ್ಲೂ ಇರಲಿಲ್ಲ. ಗುಜರಿಯಲ್ಲಿ ಸಿಕ್ಕಿದ್ದು ನಮ್ಮದಕ್ಕಿಂತ ಕಡೆ. ಪೇಟೆಯ ಒಂದು ವೆಲ್ಡಿಂಗ್ ಶೆಡ್ಡಿನವನು, "ತಗಂಬನ್ನಿ, ಹತ್ತು ನಿಮಿಷದ ಕೆಲಸ" ಅಂದ. ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಚಿಕ್ಕಪ್ಪ ಆಗಲೇ ಟ್ಯಾಂಕು ಎತ್ತಿಕೊಂಡಿದ್ದರು. ಸಾಹೇಬರು ಅದರ ಮೇಲೆ ಕೈಯಿಟ್ಟರು.

"ಬೇಡ ಗೌಡ್ರೇ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿಗೆ ಹೆದರಬೇಕು. ನಮ್ ಉಸ್ತಾದರ ಮುಖದ ಒಂದು ಮಗ್ಗುಲು ಸುಟ್ಟಿದ್ದು ಖಾಲಿ ಡ್ರಮ್ಮಿಂದಲೇ."

ತಣ್ಣಗಿದ್ದಾಗ ಡೀಸೆಲ್ ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ, ನಿಜ. ಆದರೆ ಗ್ಯಾಸ್ ವೆಲ್ಡಿಂಗಿನ ಜ್ವಾಲೆ 3,000 ಡಿಗ್ರಿ ಮೀರಿದ್ದು. ತಗಡು ಕಾದರೆ ತುಕ್ಕಿನ ಪದರದಲ್ಲಿ ಇಂಗಿದ ಎಣ್ಣೆ ಆವಿಯಾಗಿ ಗಾಳಿಯೊಡನೆ ಬೆರೆಯುತ್ತದೆ. ಉರಿಯಲು ಬೇಕಾದ ಗಾಳಿ ಖಾಲಿ ಟ್ಯಾಂಕಿನಲ್ಲಿ ತಾನಾಗಿಯೇ ಇರುತ್ತದೆ.

ಸಾಹೇಬರು ಬೆಂಕಿಯನ್ನು ಬದಿಗಿಟ್ಟು ತೊಳೆಯುವುದರಿಂದ ಶುರುಮಾಡಿದರು. ವಾಷಿಂಗ್ ಸೋಡಾ ಹಾಕಿದ ಕುದಿನೀರು ಹೊಯ್ದು, ಚೆಲ್ಲಿ, ಮತ್ತೆ ಹೊಯ್ದು ಎಣ್ಣೆಯ ಅಂಶ ತೆಗೆದರು. ಆಮೇಲೆ ಹೊಳೆಯ ಗುಂಡುಕಲ್ಲು. ಟ್ಯಾಂಕಿನೊಳಗೆ ಡೀಸೆಲ್ ಕುಲುಕದಂತೆ ಅಡ್ಡ ತಗಡುಗಳಿರುತ್ತವೆ. ಕಲ್ಲು ಅಲ್ಲಿ ಸಿಕ್ಕಿ ಉಳಿದರೆ ಆಪತ್ತು. ಅದಕ್ಕೆ ಒಂದೊಂದೇ ಕಲ್ಲನ್ನು ಎಣಿಸಿ ಒಳಗೆ ಹಾಕಿದರು, ಬಾಗಿಲಿಗೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದಿಟ್ಟರು. ಗೋಣಿಚೀಲದ ರಾಶಿಯ ಮೇಲಿಟ್ಟು ಟ್ಯಾಂಕು ತೂಗುವ ಕೆಲಸ ಹುಡುಗರಾದ ನಮ್ಮದು. ತೋಳು ಬಿದ್ದುಹೋಗುವಷ್ಟು ತೂಗಿದೆವು. ಹೊಯ್ದರೆ ಕೆಂಪು ರಾಡಿ ಸುರಿಯಿತು. ಕಲ್ಲಿನ ಲೆಕ್ಕ ಒಂದು ಕಡಿಮೆ ಬಂತು. ಅದು ಸಿಗುವವರೆಗೆ ಮುಂದಿನ ಕೆಲಸಕ್ಕೆ ಅವರು ಕೈ ಹಾಕಲಿಲ್ಲ.

ರಾತ್ರಿಯಿಡೀ ಬಿಸಿನೀರಲ್ಲಿ ಕರಗಿಸಿದ ನಿಂಬೆ ಉಪ್ಪು ಒಳಗಿತ್ತು. "ಬಾತ್‌ರೂಮ್ ತೊಳೆಯೋ ಆಸಿಡ್ ಬೇಗ ತಿನ್ನತದೆ, ಒಳ್ಳೇ ಕಬ್ಬಿಣಾನೂ ತಿನ್ನತದೆ" ಎಂದರು. ಬೆಳಗ್ಗೆ ನೋಡಿದರೆ ತಗಡು ಬೂದುಬಣ್ಣಕ್ಕೆ ತಿರುಗಿತ್ತು. ಎರಡು ತೂತು ಇದ್ದಲ್ಲಿ ಈಗ ಸೂರ್ಯನಿಗೆ ಹಿಡಿದರೆ ಚುಕ್ಕಿ ಚುಕ್ಕಿ ಬೆಳಕು. ಚಿಕ್ಕಪ್ಪನ ಮುಖ ಬಾಡಿತು. ಸಾಹೇಬರಿಗೆ ಮಾತ್ರ ಸಮಾಧಾನ. ತುಕ್ಕೇ ಬಿರಡೆಯಾಗಿ ಮುಚ್ಚಿದ್ದ ತೂತುಗಳು ಈಗ ಕಂಡಿದ್ದವು. ಘಾಟಿಯ ನಡುವೆ ಬಾಯಿ ಬಿಡುವ ಬದಲು ಶೆಡ್ಡಿನಲ್ಲೇ ಬಿಟ್ಟವು.

ಬೆಸುಗೆಗೆ ಅವರು ಹಿಡಿದದ್ದು ರೇಡಿಯೇಟರಿನ ದಾರಿ. ಸೀಸ, ತವರ ಬೆರೆತ ಸೋಲ್ಡರು 190 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಟ್ಯಾಂಕನ್ನು ಓರೆಯಾಗಿ ನಿಲ್ಲಿಸಿ, ತೂತುಗಳಿಗಿಂತ ಒಂದು ಬೆರಳು ಕೆಳಗಿನವರೆಗೆ ನೀರು ತುಂಬಿದರು. ಆವಿ ಕೂರಲು ಹೆಚ್ಚು ಜಾಗ ಉಳಿಯಲಿಲ್ಲ. ತುಂಬುವ ಬಾಯಿ ತೆರೆದೇ ಇತ್ತು. ಇದ್ದಿಲ ಒಲೆ ಅಂಗಳದ ಆಚೆ ತುದಿಯಲ್ಲಿ. ಅಲ್ಲಿ ಕಾಯಿಸಿದ ದಪ್ಪ ಬೆಸುಗೆ ಕೋಲನ್ನು ಹಿಡಿದು ಬಂದು, ತಗಡಿನ ತೇಪೆಯ ಅಂಚಿಗೆ ಒತ್ತಿ ಎಳೆದರು. ಬೆಳ್ಳಗಿನ ಸೋಲ್ಡರು ಅಂಚಿನೊಳಗೆ ತಾನಾಗಿ ಹರಿದು ಕೂತಿತು. ಕೋಲು ಆರಿದರೆ ಮತ್ತೆ ಒಲೆಯವರೆಗೆ ನಡಿಗೆ. ಒಲೆಯನ್ನು ಹತ್ತಿರ ತಂದುಕೊಡಲೇ ಎಂದು ನಾನು ಕೇಳಿದ್ದಕ್ಕೆ, "ನಡೆಯೋದೂ ಕೆಲಸದಲ್ಲಿ ಸೇರಿದ್ದೇ ಮಗಾ" ಎಂದರು.

ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಕೊಟ್ಟು, ಸೋಪಿನ ನೊರೆ ಹಚ್ಚಿ ಒಂದು ಗುಳ್ಳೆಯೂ ಏಳದ್ದನ್ನು ಖಾತ್ರಿ ಮಾಡಿಕೊಂಡರು. ಮತ್ತೆ ಸೋಡಾ ನೀರು, ಮತ್ತೆ ಒಣಗಿಸುವುದು. ತೊಳೆದ ಕಬ್ಬಿಣ ಗಾಳಿ ತಾಗಿದರೆ ನೋಡನೋಡುತ್ತಲೇ ಕೆಂಪಾಗುತ್ತದೆ. ಅದಕ್ಕೆ ಒಣಗಿದ್ದೇ ಡೀಸೆಲ್ ಹೊಯ್ದು ಎಲ್ಲ ಮೂಲೆಗೂ ಆಡಿಸಿದರು. ಹೊರಗೆ ರೆಡ್ ಆಕ್ಸೈಡ್, ಪಟ್ಟಿಗೆ ಹೊಸ ರಬ್ಬರು.

ಉಳಿದ ಹಂಚಿನ ಲೋಡುಗಳನ್ನು ಪಿಕಪ್ಪು ಎಲ್ಲೂ ನಿಲ್ಲದೆ ಘಾಟಿ ಹತ್ತಿಸಿತು. ಮೊದಲ ಮಳೆ ಬಿದ್ದಾಗ ಶಾಲೆಯ ಮಾಡು ಮುಗಿದಿತ್ತು. ಅಲ್ಲಿಂದ ಮುಂದೆ ಪ್ರತಿ ಮಳೆಗಾಲಕ್ಕೆ ಮುಂಚೆ ಚಿಕ್ಕಪ್ಪ ಟ್ಯಾಂಕು ಕಂಠಮಟ್ಟ ತುಂಬಿಸಿಡುತ್ತಿದ್ದರು, ಆಗಾಗ ಡ್ರೈನ್ ನಟ್ ಸಡಿಲಿಸಿ ತಳದ ನೀರು ಇಳಿಸುತ್ತಿದ್ದರು.

ಈಗ ಬಹಳಷ್ಟು ಗಾಡಿಗಳಿಗೆ ಪ್ಲಾಸ್ಟಿಕ್ ಟ್ಯಾಂಕು. ಆದರೂ ಮಲೆನಾಡಿನ ಕೊಟ್ಟಿಗೆಗಳಲ್ಲಿ ಕಬ್ಬಿಣದ ಟ್ಯಾಂಕಿನ ಹಳೇ ಪಿಕಪ್ಪುಗಳು ಇನ್ನೂ ನಿಂತಿವೆ. ಅವನ್ನು ಎಬ್ಬಿಸಲು ಹೊರಟ ಹುಡುಗರಿಗೆ ನಾನು ಈ ಕಥೆ ಹೇಳುತ್ತೇನೆ. ಹತ್ತು ನಿಮಿಷ ಸಾಕೆನ್ನುವವನ ಕೈಗೆ ಖಾಲಿ ಟ್ಯಾಂಕು ಕೊಡಬೇಡಿ. ಮೊದಲು ತೊಳೆಯಬೇಕು, ದಿನ ಹಿಡಿಯುತ್ತದೆ ಎನ್ನುವವನು ಸಿಕ್ಕರೆ ಅವನು ಕೇಳಿದಷ್ಟು ದಿನ ಕೊಡಿ, ಪಕ್ಕದಲ್ಲಿ ಕೂತು ಕೆಲಸ ನೋಡಿ, ಕಲಿಯಿರಿ.