ನಲ್ಲಾರ್ಬರ್ ಬಯಲಿನಲ್ಲಿ ನಮ್ಮ ಮನೆಬಂಡಿ

ಮನೆಯೆಂಬುದು ನೆಲಕ್ಕೆ ಬೇರೂರಿ ನಿಂತಿರತಕ್ಕ ವಸ್ತುವೆಂದೇ ನಾವು ಮೂವರು ಸೋದರಿಯರೂ ಚಿಕ್ಕಂದಿನಿಂದ ತಿಳಿದು ಬೆಳೆದವರು. ಹೊಸಲು, ಹಜಾರ, ಹಿತ್ತಲ ಬಾವಿ, ಮಳೆಗಾಲದಲ್ಲಿ ಸೋರುವ ಹೆಂಚಿನ ಮಾಡು, ಇವೆಲ್ಲವೂ ಕೂಡಿದುದೇ ಮನೆ. ಅಂಥ ಮನೆಯೊಂದರಿಂದಲೇ ನಾವು ಎಣ್ಣೆ ಹಚ್ಚಿ ಜಡೆ ಹೆಣೆದುಕೊಂಡು, ಒಬ್ಬರ ಹಿಂದೊಬ್ಬರು ಈ ಶಾಲೆಗೆ ನಡೆದು ಬರುತ್ತಿದ್ದೆವು. ತಲೆ ನರೆತ ಮೇಲೆ ನಾವು ಗಾಲಿಗಳ ಮೇಲೆ ಓಡುವ ಮನೆಯೊಂದರಲ್ಲಿ ಒಂಬತ್ತು ದಿನ ಸಂಸಾರ ಹೂಡಿ, ಆಸ್ಟ್ರೇಲಿಯಾ ದೇಶದ ದಕ್ಷಿಣದಂಚನ್ನು ಹಾದುಹೋದೆವು. ಆ ವೃತ್ತಾಂತವನ್ನು ನಮ್ಮೊಡನೆ ಓದಿದ ಸೋದರಿಯರ ಮುಂದೆಯೂ ಹೆತ್ತವರ ಮುಂದೆಯೂ ಇಡಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆದಿರುತ್ತೇವೆ.

ಈ ಪ್ರಯಾಣಕ್ಕೆ ದೇಶ ನೋಡುವ ಕುತೂಹಲವೊಂದೇ ಕಾರಣವಾಗಿರಲಿಲ್ಲ. ೨೦೨೧ರಲ್ಲಿ ನಮ್ಮ ತಾಯಿಯವರು ತೀರಿಕೊಂಡರು. ಅವರ ಹೆಸರಿನಲ್ಲಿದ್ದ ಮನೆ ನಮ್ಮ ಮೂವರಿಗೂ ಸಮಪಾಲಾಗಿ ಬಂತು. ನಮ್ಮಲ್ಲಿ ಹಿರಿಯಳು ಹದಿನೆಂಟು ವರ್ಷ ತಾಯಿಯ ಶುಶ್ರೂಷೆ ಮಾಡಿ, ಆ ಬಳಿಕ ಅದೇ ಮನೆಯಲ್ಲಿ ಒಂಟಿಯಾಗಿ ಇರುತ್ತಿದ್ದಳು. ಕಿರಿಯಳು ಮೂವತ್ತು ವರ್ಷಗಳಿಂದ ಅಡಿಲೇಡ್ ನಗರದ ನಿವಾಸಿನಿ. ಅಕ್ಕ ಒಂದು ಬೆಳಗ್ಗೆ ಬಾವಿಕಟ್ಟೆಯ ಬಳಿ ಜಾರಿಬಿದ್ದು, ಹಾಲಿನವನು ಬರುವ ತನಕ ಎರಡು ಗಂಟೆ ಹೊತ್ತು ಏಳಲಾರದೆ ಬಿದ್ದಿದ್ದಳೆಂಬ ಸುದ್ದಿ ತಿಳಿದಂದಿನಿಂದ, ಆ ಮನೆಯನ್ನು ಮಾರಿ ಅವಳಿಗೊಂದು ಸಣ್ಣ ಫ್ಲಾಟನ್ನು ಕೊಳ್ಳಲೇಬೇಕೆಂದು ಕಿರಿಯಳ ಹಟ. ತಾಯಿ ಕಣ್ಣು ಮುಚ್ಚಿದ ಕೋಣೆಯನ್ನು ಪರರ ಪಾಲು ಮಾಡಲಾರೆನೆಂದು ಹಿರಿಯಳ ಹಟ. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು. ಆದಕಾರಣವೇ ಅದು ಬಗೆಹರಿಯಲಿಲ್ಲ. ಒಬ್ಬಳು ಮತ್ತೊಬ್ಬಳಿಗೆ ಹೇಳಬೇಕಾದುದನ್ನೆಲ್ಲ ಬೆಂಗಳೂರಿನಲ್ಲಿರುವ ನಡುವಿನವಳಿಗೆ ಹೇಳುವುದು, ಅವಳು ಅದನ್ನು ಖಾರ ತೆಗೆದು ಆಚೆಗೆ ಮುಟ್ಟಿಸುವುದು, ಹೀಗೆ ಎರಡು ವರ್ಷ ನಡೆಯಿತು.

೨೦೨೩ರ ಆಗಸ್ಟ್ ತಿಂಗಳಲ್ಲಿ ಕಿರಿಯಳು ಅಕ್ಕಂದಿರಿಬ್ಬರನ್ನೂ ಕರೆಯಿಸಿಕೊಂಡಳು. ಪರ್ತ್ ನಗರದಲ್ಲಿರುವ ಅವಳ ಮಗಳು ಹೆತ್ತಿದ್ದಳು; ಮಗುವನ್ನು ನೋಡಲು ಹೋಗಬೇಕು. ವಿಮಾನವೇರಿದರೆ ಮೂರೂವರೆ ಗಂಟೆಯೊಳಗಿನ ದಾರಿ. ಆದರೆ ಕಿರಿಯಳು, "ರಸ್ತೆಯಲ್ಲಿಯೇ ಹೋಗೋಣ ಅಕ್ಕಾ, ಮೂವರೂ ಒಂದೇ ಸೂರಿನ ಕೆಳಗೆ ಮಲಗಿ ಎಷ್ಟು ವರ್ಷವಾಯಿತು!" ಎಂದಳು. ಹಿರಿಯಳು ಒಪ್ಪಿದ್ದಕ್ಕೆ ಕಾರಣ ಬೇರೆ. ಈ ಶಾಲೆಯ ಭೂಗೋಳದ ತರಗತಿಯಲ್ಲಿ ತೂಗುಹಾಕುತ್ತಿದ್ದ ಆಸ್ಟ್ರೇಲಿಯಾ ನಕ್ಷೆಯ ತಳಭಾಗದಲ್ಲಿ, ಊರಿನ ಹೆಸರಾಗಲಿ ನದಿಯ ಗೆರೆಯಾಗಲಿ ಇಲ್ಲದ ಒಂದು ಬರಿದಾದ ಸ್ಥಳವಿತ್ತು. "ಇಲ್ಲಿ ಏನಿದೆ ಟೀಚರ್?" ಎಂದು ಅವಳು ಕೇಳಿದಾಗ ನಮ್ಮ ಉಪಾಧ್ಯಾಯಿನಿಯವರು, "ಹೋಗಿ ನೋಡಿ ಬಾ, ನನಗೂ ಹೇಳು" ಎಂದು ನಕ್ಕಿದ್ದರಂತೆ. ಆ ಮಾತು ಐವತ್ತು ವರ್ಷ ಅವಳ ಮನಸ್ಸಿನಲ್ಲಿ ಉಳಿದಿತ್ತು.

ಬಾಡಿಗೆಗೆ ತಂದ ಬಂಡಿಯನ್ನು ಆ ದೇಶದವರು ಮೋಟಾರ್‌ಹೋಂ ಎನ್ನುತ್ತಾರೆ. ನಾವು ಮನೆಬಂಡಿಯೆಂದು ಹೆಸರಿಟ್ಟೆವು. ನಮ್ಮ ತಾಯಿಯವರ ಉಗ್ರಾಣದಷ್ಟೇ ಅಗಲವಾದ ಆ ಪೆಟ್ಟಿಗೆಯೊಳಗೆ ಮೂವರಿಗೆ ಹಾಸಿಗೆ, ಎರಡು ಉರಿಯ ಗ್ಯಾಸಿನ ಒಲೆ, ತಂಗಳುಪೆಟ್ಟಿಗೆ, ಬಚ್ಚಲು ಎಲ್ಲವೂ ಇದ್ದವು. ಹಗಲಿನಲ್ಲಿ ಊಟದ ಮೇಜಾಗಿದ್ದುದೇ ರಾತ್ರಿ ಮಂಚವಾಗುವುದು. ಮಾಡಿನ ಮೇಲೆ ಹರಡಿದ್ದ ಫಲಕವು ಬಿಸಿಲನ್ನು ಹೀರಿ ದೀಪಕ್ಕೆ ವಿದ್ಯುತ್ತನ್ನು ಒದಗಿಸುವುದು. ಒಬ್ಬಳು ಒಲೆಯ ಮುಂದೆ ನಿಂತರೆ ಉಳಿದಿಬ್ಬರು ಕುಳಿತಿರಲೇಬೇಕು. ಯಾವ ಡಬ್ಬಿಯನ್ನಾದರೂ ಅದರದರ ಸ್ಥಾನದಲ್ಲಿ ಇರಿಸದೆ ಬಂಡಿ ಹೊರಡಿಸಿದರೆ, ಮೊದಲ ತಿರುವಿನಲ್ಲಿಯೇ ಅದು ನೆಲಕ್ಕುರುಳಿ ತನ್ನ ಇರವನ್ನು ಸಾರುತ್ತಿತ್ತು. ಸೋದರಿಯರ ನಡುವೆ ಮುನಿಸಿಕೊಂಡು ಬೇರೆ ಕೋಣೆಗೆ ಹೋಗುವ ಅವಕಾಶವೇ ಆ ಮನೆಯಲ್ಲಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಆಳಿದುದು ನೀರು. ಬಂಡಿಯ ತೊಟ್ಟಿಯಲ್ಲಿ ಹಿಡಿಯುತ್ತಿದ್ದುದು ನೂರು ಲೀಟರು ಮಾತ್ರ. ನಾವು ಹಾಯಬೇಕಾಗಿದ್ದ ಬಯಲಿನಲ್ಲಿ ನೀರು ಬಹು ಅಪರೂಪವಾದುದರಿಂದ, ಪ್ರಯಾಣಿಕರು ತಮಗೆ ಬೇಕಾದಷ್ಟನ್ನು ತಾವೇ ಒಯ್ಯಬೇಕೆಂಬುದು ಅಲ್ಲಿಯ ಕಟ್ಟಳೆ. ಈ ಖಾತೆಯನ್ನು ಹಿರಿಯಳು ಕೇಳದೆಯೇ ವಹಿಸಿಕೊಂಡಳು. ಎರಡು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ನಮ್ಮ ಊರಿನ ಗೃಹಿಣಿಗೆ ಆ ವಿದ್ಯೆಯನ್ನು ಕಲಿಸಿಕೊಡಬೇಕೆ? ಮುಖ ತೊಳೆಯಲು ಒಂದು ಚೊಂಬು. ತರಕಾರಿ ತೊಳೆದ ನೀರಿನಲ್ಲಿಯೇ ತಟ್ಟೆಗಳ ಮೊದಲ ತೊಳೆತ. ಅಕ್ಕಿ ತೊಳೆದ ನೀರು ಸಾರಿಗೆ. ಮೂವತ್ತು ವರ್ಷ ಪರದೇಶದಲ್ಲಿದ್ದ ಕಿರಿಯಳು ಅಕ್ಕನ ಈ ಆಡಳಿತವನ್ನು ಬೆರಗಿನಿಂದ ನೋಡಿದಳು. ಒಂಟಿ ಮುದುಕಿಯೆಂದು ಯಾರಿಗಾಗಿ ಕಳವಳಪಡುತ್ತಿದ್ದಳೋ ಅವಳೇ ನಮ್ಮ ಮೂವರಲ್ಲಿ ಹೆಚ್ಚು ಗಟ್ಟಿಗಳಾಗಿ ಕಾಣಿಸಿಕೊಂಡಳು.

ನಾವು ಹಿಡಿದ ಹೆದ್ದಾರಿಗೆ ಐರ್ ಎಂಬವನ ಹೆಸರಿದೆ. ಪೋರ್ಟ್ ಆಗಸ್ಟಾ ಪಟ್ಟಣದಿಂದ ನಾರ್ಸ್‌ಮನ್ ತನಕ ಸುಮಾರು ೧,೬೬೦ ಕಿಲೋಮೀಟರು. ೧೯೪೧ರಲ್ಲಿ ಯುದ್ಧದ ನಿಮಿತ್ತ ಕಡಿಯಲಾರಂಭಿಸಿದ ಈ ರಸ್ತೆಗೆ ಪೂರ್ತಿಯಾಗಿ ಡಾಂಬರು ಬಿದ್ದುದು ೧೯೭೬ರಲ್ಲಿ. ಅಲ್ಲಿಯೂ ನಮ್ಮ ದೇಶದಂತೆಯೇ ಎಡಬದಿಯಲ್ಲಿ ಬಂಡಿ ನಡೆಸುತ್ತಾರಾದ ಕಾರಣ ಕಿರಿಯಳೊಡನೆ ನಡುವಿನವಳೂ ಸರದಿಯ ಮೇಲೆ ಚಕ್ರ ಹಿಡಿದಳು. ಎದುರಿನಿಂದ ಬರುವ ಪ್ರತಿಯೊಬ್ಬ ಚಾಲಕನೂ ಚಕ್ರದಿಂದ ಬೆರಳೆತ್ತಿ ವಂದನೆ ಸೂಚಿಸುವನು. ಅಷ್ಟು ನಿರ್ಜನವಾದ ದಾರಿಯದು. ಸಂಜೆಯಾದರೆ ಕಾಂಗರೂಗಳೂ ಒಂಟೆಗಳೂ ರಸ್ತೆಗೆ ಅಡ್ಡಬರುವ ಭಯವಿರುವುದರಿಂದ, ಸೂರ್ಯಾಸ್ತಕ್ಕೆ ಮುಂಚೆಯೇ ಬಂಡಿ ನಿಲ್ಲಿಸಿ ಒಲೆ ಹೊತ್ತಿಸುತ್ತಿದ್ದೆವು.

ನಲ್ಲಾರ್ಬರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಮರವಿಲ್ಲದ್ದು ಎಂದರ್ಥ. ಸುಮಾರು ಎರಡು ಲಕ್ಷ ಚದರ ಕಿಲೋಮೀಟರು ಹರಡಿದ ಸುಣ್ಣಕಲ್ಲಿನ ಹಾಸುಬಂಡೆ ಅದು. ಬಿದ್ದ ಮಳೆಯನ್ನೆಲ್ಲ ಕಲ್ಲು ಒಳಗೆ ಹೀರಿಕೊಳ್ಳುವುದರಿಂದ ಮೇಲೆ ನದಿ ಹರಿಯುವುದಿಲ್ಲ. ೧೮೪೧ರಲ್ಲಿ ಎಡ್ವರ್ಡ್ ಜಾನ್ ಐರ್ ಎಂಬ ಆಂಗ್ಲೇಯನು ಈ ತೀರವನ್ನು ದಾಟಿದನು. ಏಪ್ರಿಲ್ ತಿಂಗಳ ಒಂದು ರಾತ್ರಿ ಅವನ ಜೊತೆಗಾರ ಜಾನ್ ಬ್ಯಾಕ್ಸ್‌ಟರನು ಕೊಲೆಯಾಗಿ, ತಂಡದಲ್ಲಿದ್ದ ಇಬ್ಬರು ಹುಡುಗರು ಸಾಮಗ್ರಿಯೊಡನೆ ಓಡಿಹೋದರು. ಉಳಿದವನು ಆ ದೇಶದ ಮೂಲನಿವಾಸಿಯಾದ ವೈಲಿ ಎಂಬ ಯುವಕನೊಬ್ಬನೇ. ಅವರಿಬ್ಬರೂ ಎಲೆಗಳ ಮೇಲಿನ ಇಬ್ಬನಿಯನ್ನು ಒರಸಿ ಹಿಂಡಿ ಕುಡಿದು, ಜೂನ್ ತಿಂಗಳಲ್ಲಿ ತೀರದ ಬಳಿ ನಿಂತಿದ್ದ ಫ್ರೆಂಚ್ ಹಡಗೊಂದರವರ ಕೃಪೆಯಿಂದ ಅನ್ನ ಕಂಡು, ಜುಲೈ ತಿಂಗಳಲ್ಲಿ ವೈಲಿಯ ತವರಾದ ಆಲ್ಬನಿಯನ್ನು ಸೇರಿದರು. ಹೆದ್ದಾರಿಗೆ ಐರನ ಹೆಸರು ಬಂತು. ಆದರೆ ಮರಳದಿಬ್ಬವನ್ನು ಎಲ್ಲಿ ಅಗೆದರೆ ಸಿಹಿನೀರು ಬರುವುದೆಂದು ಅವನಿಗೆ ತೋರಿಸಿಕೊಟ್ಟವರು ಆ ನೆಲದ ಜನರೇ. ಸಾವಿರಾರು ವರ್ಷಗಳಿಂದ ಮಿರ್ನಿಂಗ್ ಎಂಬ ಜನ ಬಾಳಿದ ನಾಡು ಅದು; ಬರಿದಾಗಿದ್ದುದು ನಮ್ಮ ಶಾಲೆಯ ನಕ್ಷೆ ಮಾತ್ರ.

ಹೆಡ್ ಆಫ್ ಬೈಟ್ ಎಂಬ ಕಡಲಂಚಿನಲ್ಲಿ ನಾವು ತಿಮಿಂಗಿಲಗಳನ್ನು ಕಂಡೆವು. ಚಳಿಗಾಲದಲ್ಲಿ ದಕ್ಷಿಣದ ಹಿಮಸಾಗರದಿಂದ ಅವು ಹೆರಿಗೆಗಾಗಿ ಇಲ್ಲಿಗೆ ಬಂದು, ಮರಿಗಳು ಬಲಿಯುವ ತನಕ ಇರುತ್ತವೆ. ಅಷ್ಟು ಕಾಲವೂ ತಾಯಿ ಉಪವಾಸವಿದ್ದಂತೆಯೇ. ಮೈಯ ಕೊಬ್ಬನ್ನು ಕರಗಿಸಿ ಮರಿಗೆ ಹಾಲೂಡುವುದು. ಅಟ್ಟಣೆಯ ಮೇಲೆ ಗಾಳಿಗೆ ಶಾಲು ಹೊದ್ದು ನಿಂತು, ತಾಯಿಯ ಪಕ್ಕೆಗೆ ಅಂಟಿಕೊಂಡು ತೇಲುವ ಮರಿಯನ್ನು ನಾವು ಒಂದು ಗಂಟೆಗೂ ಮಿಕ್ಕಿ ನೋಡಿದೆವು. ಮೂವರಲ್ಲಿ ಯಾರೂ ಮಾತಾಡಲಿಲ್ಲ. ಮೂವರಿಗೂ ನೆನಪಾದವರು ಒಬ್ಬರೇ.

ಮಾರನೆಯ ದಿನ ಪಶ್ಚಿಮ ಆಸ್ಟ್ರೇಲಿಯಾ ಸಂಸ್ಥಾನದ ಗಡಿ. ಬೆಳೆಗಳಿಗೆ ರೋಗ ತಗುಲೀತೆಂದು ಅಲ್ಲಿಯ ಸುಂಕದಕಟ್ಟೆಯಂಥ ಠಾಣೆಯಲ್ಲಿ ಪ್ರತಿ ಬಂಡಿಯನ್ನೂ ಶೋಧಿಸಿ ಹಣ್ಣು, ತರಕಾರಿ, ಜೇನುತುಪ್ಪಗಳನ್ನು ತೆಗೆದುಕೊಂಡುಬಿಡುತ್ತಾರೆ. ಪದಾರ್ಥ ಚೆಲ್ಲುವುದೆಂದರೆ ನಮ್ಮ ಹಿರಿಯಳಿಗೆ ಸಹಿಸದು. ಆದ್ದರಿಂದ ಹಿಂದಿನ ರಾತ್ರಿಯೇ ಇದ್ದಬದ್ದ ಬದನೆ, ಕುಂಬಳ, ಕ್ಯಾರೆಟ್ಟು, ಈರುಳ್ಳಿಗಳನ್ನೆಲ್ಲ ಹಾಕಿ ದೊಡ್ಡ ಪಾತ್ರೆಯ ತುಂಬ ಹುಳಿ ಕುದಿಸಿದಳು. ಪಕ್ಕದಲ್ಲಿ ಬೀಡುಬಿಟ್ಟಿದ್ದ ವೃದ್ಧ ದಂಪತಿಗಳು ಸುವಾಸನೆಗೆ ಬಂದು, ಬಟ್ಟಲು ಹಿಡಿದು ಕುಳಿತು, ಕಣ್ಣಲ್ಲಿ ನೀರು ಸುರಿಸುತ್ತ ಎರಡು ಸಲ ಹಾಕಿಸಿಕೊಂಡು ಉಂಡರು.

ಗಡಿ ದಾಟಿದೊಡನೆ ಯೂಕ್ಲಾ ಎಂಬ ಸ್ಥಳ. ೧೮೭೭ರಲ್ಲಿ ಪೂರ್ವ ಪಶ್ಚಿಮಗಳನ್ನು ಕೂಡಿಸಿದ ತಂತಿಯ ಕಚೇರಿ ಇಲ್ಲಿತ್ತು. ಆಗ ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ ಎಂಬುವು ಬೇರೆ ಬೇರೆ ವಸಾಹತುಗಳು. ಅವುಗಳ ತಂತಿಯ ಸಂಕೇತಗಳೂ ಬೇರೆ. ಒಂದು ಬದಿಯ ಗುಮಾಸ್ತನು ಬಂದ ಸುದ್ದಿಯನ್ನು ಕಾಗದದ ಮೇಲೆ ಬರೆದು ಕೈಯಿಂದ ಕೈಗೆ ದಾಟಿಸಬೇಕು. ಎದುರು ಬದಿಯವನು ಅದನ್ನು ತನ್ನ ಸಂಕೇತದಲ್ಲಿ ಮುಂದಕ್ಕೆ ಕಳುಹಿಸಬೇಕು. ೧೯೨೭ರಲ್ಲಿ ಕಚೇರಿ ಮುಚ್ಚಿತು. ಮೊಲಗಳ ಹಿಂಡು ದಿಬ್ಬಗಳ ಹಸುರನ್ನೆಲ್ಲ ಮೇದುಬಿಟ್ಟ ಮೇಲೆ ಸಡಿಲವಾದ ಮರಳು ತೇಲಿಬಂದು, ಇಂದು ಆ ಕಲ್ಲಿನ ಕಟ್ಟಡದ ಬಾಗಿಲು ಕಿಟಕಿಗಳಲ್ಲಿ ಮರಳು ತುಂಬಿ ನಿಂತಿದೆ. ಅದರ ಮುಂದೆ ನಿಂತು ಈ ಕಥೆಯನ್ನು ಓದಿ ಹೇಳಿದ ನಡುವಿನವಳು, ಒಂದು ನಿಮಿಷ ಸುಮ್ಮನಿದ್ದು, "ಅಕ್ಕಾ, ನಾನೂ ಎರಡು ವರ್ಷ ಇದೇ ಉದ್ಯೋಗ ಮಾಡಿದೆ. ಇವತ್ತಿನಿಂದ ನನ್ನ ಕಚೇರಿಯೂ ಮುಚ್ಚಿತು. ನೀವಿಬ್ಬರೂ ನೇರವಾಗಿ ಮಾತಾಡಿಕೊಳ್ಳಿ" ಎಂದಳು.

ಆ ರಾತ್ರಿ ಬಂಡಿಯೊಳಗೆ ಮಾತು ಆರಂಭವಾಯಿತು. ಹಿರಿಯಳು, "ಮನೆ ನನಗೆ ಬೇಕೆಂದು ನಾನು ಹೇಳುತ್ತಿಲ್ಲ ಕಣೇ. ಮಾರಿದ ಮೇಲೆ ನೀವಿಬ್ಬರೂ ಯಾವ ಊರಿಗೆಂದು ಬರುತ್ತೀರಿ?" ಎಂದು ಕೇಳಿದಳು. ಈ ಪ್ರಶ್ನೆ ಎರಡು ವರ್ಷದಲ್ಲಿ ಒಮ್ಮೆಯೂ ತಂತಿಯ ಮೇಲೆ ಬಂದಿರಲಿಲ್ಲ. ಕಿರಿಯಳು ಬಹಳ ಹೊತ್ತು ಉತ್ತರ ಕೊಡದೆ ಅಕ್ಕನ ಕೈ ಹಿಡಿದು ಕುಳಿತಳು. ಆದರೂ ನಿರ್ಧಾರವೊಂದೂ ಆಗಲಿಲ್ಲ.

ಕೈಗೂನಾದಿಂದ ಮುಂದೆ ರಸ್ತೆಯು ೧೪೬.೬ ಕಿಲೋಮೀಟರು ದೂರ ಒಂದೇ ಒಂದು ತಿರುವಿಲ್ಲದೆ ಬಾಣದಂತೆ ಸಾಗುತ್ತದೆ. ಅದರ ನಟ್ಟನಡುವೆ ನಮ್ಮ ಬಂಡಿಯ ಹಿಂದಿನ ಗಾಲಿ ಸಿಡಿಯಿತು. ಮೊಬೈಲಿಗೆ ಸಂಪರ್ಕವಿಲ್ಲ, ಕಣ್ಣಿಗೆ ಕಾಣುವಷ್ಟು ದೂರವೂ ಮನೆಯಿಲ್ಲ. ಅರ್ಧ ಗಂಟೆಯ ಮೇಲೆ, ರೈಲಿನಂತೆ ಗಾಡಿಗೆ ಗಾಡಿ ಪೋಣಿಸಿಕೊಂಡಿದ್ದ ಭಾರಿ ಲಾರಿಯೊಂದು ಬಂದು ನಿಂತಿತು. ಅದರ ಚಾಲಕನು ನಮ್ಮನ್ನು ಏನೊಂದೂ ಕೇಳದೆ, ಹೊಟ್ಟೆಯ ಮೇಲೆ ಮಲಗಿ ಜಾಕಿ ಹಚ್ಚಿ, ಗಾಲಿ ಬದಲಿಸಿಕೊಟ್ಟನು. ಹಣ ಮುಟ್ಟಲಿಲ್ಲ. "ನಾಳೆ ನನ್ನ ಗಾಡಿ ನಿಂತರೆ ಇನ್ನಾರಾದರೂ ನಿಲ್ಲುತ್ತಾರೆ" ಎಂದು ಹೇಳಿ, ನಾವು ಕೊಟ್ಟ ಚಕ್ಕುಲಿಯ ಪೊಟ್ಟಣವನ್ನು ಮಾತ್ರ ತೆಗೆದುಕೊಂಡು ಹೋದನು.

ಆ ಹೆದ್ದಾರಿಯಲ್ಲಿ ಕೆಲವೆಡೆ ರಸ್ತೆಯನ್ನು ಅಗಲಿಸಿ ಬಿಳಿಯ ಪಟ್ಟೆಗಳನ್ನು ಬಳಿದಿದ್ದಾರೆ. ಅಪಘಾತವಾದರೆ ವೈದ್ಯರ ವಿಮಾನವು ಅಲ್ಲಿಯೇ ಇಳಿಯಲೆಂದು ಆ ಏರ್ಪಾಡು. ಒಳನಾಡಿನ ಒಂಟಿ ಮನೆಗಳಲ್ಲಿ ಜನರು ಚಿಕಿತ್ಸೆಯಿಲ್ಲದೆ ಸಾಯುವುದನ್ನು ಕಂಡು ಮರುಗಿದ ಜಾನ್ ಫ್ಲಿನ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿಗಳು ೧೯೨೮ರಲ್ಲಿ ಈ ವಿಮಾನವೈದ್ಯ ಸೇವೆಯನ್ನು ಆರಂಭಿಸಿದರು. ಮರುವರ್ಷವೇ ಆಲ್ಫ್ರೆಡ್ ಟ್ರೇಗರ್ ಎಂಬವರು, ಕಾಲಿನಿಂದ ತುಳಿದು ವಿದ್ಯುತ್ತು ಹುಟ್ಟಿಸುವ ರೇಡಿಯೋ ಯಂತ್ರವನ್ನು ಬಳಕೆಗೆ ತಂದರು. ಅದರಿಂದ ನೂರಾರು ಮೈಲಿ ದೂರದ ಹೆಂಗಸೂ ವೈದ್ಯರನ್ನು ಕೂಗಿ ಕರೆಯುವಂತಾಯಿತು. ಅಂಥ ಪಟ್ಟೆಗಳ ಮೇಲೆ ಬಂಡಿ ಹಾಯುವಾಗ ಕಿರಿಯಳು, "ಅಕ್ಕಾ, ಯಾರೂ ಇಲ್ಲದ ಈ ಬಯಲಿನಲ್ಲಿಯೇ ಬಿದ್ದವರ ಬಳಿಗೆ ಬರಲು ದಾರಿ ಮಾಡಿಟ್ಟಿದ್ದಾರೆ. ಊರ ನಡುವೆ ಇರುವ ನಿನ್ನ ಬಳಿಗೆ ಬರುವವರು ಯಾರು? ನನ್ನ ಭಯ ಅಷ್ಟೇ" ಎಂದಳು. ಹಿರಿಯಳು ರಸ್ತೆಯನ್ನೇ ನೋಡುತ್ತ, "ಹಾಗಾದರೆ ಮನೆಯನ್ನು ಮಾರುವುದೇಕೆ? ಮನೆಗೆ ಜನರನ್ನು ತರೋಣ" ಎಂದಳು.

ಉಳಿದುದೆಲ್ಲ ಬ್ಯಾಲಡೋನಿಯಾ ತಲಪುವುದರೊಳಗೆ, ಒಂದು ಹಳೆಯ ಲಕೋಟೆಯ ಬೆನ್ನಿನ ಮೇಲೆ ತೀರ್ಮಾನವಾಯಿತು. ಹಿರಿಯಳು ಇರುವ ತನಕ ಮನೆ ಮಾರತಕ್ಕದ್ದಲ್ಲ. ಮಾಡಿನ ರಿಪೇರಿ ಕಿರಿಯಳ ಖರ್ಚು. ಬಾವಿಗೆ ಕಂಬಿಯ ಮುಚ್ಚಳ, ಬಚ್ಚಲಿಗೆ ಹಿಡಿಗಂಬಿ ನಡುವಿನವಳ ಖರ್ಚು. ಮುಂಭಾಗದ ಎರಡು ಕೋಣೆಗಳು ಹಳ್ಳಿಗಳಿಂದ ಓದಲು ಬರುವ ಹೆಣ್ಣುಮಕ್ಕಳಿಗೆ. ಹಾಗೆಯೇ ೨೦೨೪ರ ಜೂನ್ ತಿಂಗಳಿನಿಂದ ನಾಲ್ವರು ವಿದ್ಯಾರ್ಥಿನಿಯರು ಆ ಮನೆಯಲ್ಲಿದ್ದಾರೆ. ಬೆಳಗಿನ ಕಾಫಿಗೆ ಹಿರಿಯಳು ಹಜಾರಕ್ಕೆ ಬಾರದಿದ್ದರೆ ಅವರಲ್ಲೊಬ್ಬಳು ಬಾಗಿಲು ತಟ್ಟುತ್ತಾಳೆ. ಅವರಿಗೆಲ್ಲ ನೀರಿನ ಲೆಕ್ಕವನ್ನು ಹಿರಿಯಳು ಕಟ್ಟುನಿಟ್ಟಾಗಿ ಕಲಿಸಿದ್ದಾಳೆಂದು ಬೇರೆ ಹೇಳಬೇಕಾಗಿಲ್ಲ.

ಪರ್ತಿನಲ್ಲಿ ಮಗುವನ್ನು ಎತ್ತಿಕೊಂಡೆವು, ಬಂಡಿಯನ್ನು ಹಿಂದಿರುಗಿಸಿದೆವು. ಹೆತ್ತವರಲ್ಲಿ ನಮ್ಮದೊಂದು ಬಿನ್ನಹ. ಆಸ್ತಿಪಾಸ್ತಿಯ ವಿಷಯದಲ್ಲಿ ಮಕ್ಕಳು ನಡುವಿನವರ ಬಾಯಿಂದ ಮಾತಾಡಿಕೊಳ್ಳುವ ಕಾಲ ಬರುವುದಕ್ಕೆ ಮುಂಚೆಯೇ ಅವರನ್ನು ಎದುರುಬದುರು ಕುಳ್ಳಿರಿಸಿರಿ. ಅದಕ್ಕೆ ಆಸ್ಟ್ರೇಲಿಯಾಕ್ಕೇ ಹೋಗಬೇಕೆಂದಿಲ್ಲ. ಎದ್ದುಹೋಗಲು ಬೇರೆ ಕೋಣೆಯಿಲ್ಲದ ಒಂದು ಸಣ್ಣ ಸ್ಥಳವೂ ತಕ್ಕಷ್ಟು ಸಮಯವೂ ಇದ್ದರೆ ಸಾಕು. ನಮ್ಮ ಭೂಗೋಳದ ಉಪಾಧ್ಯಾಯಿನಿಯವರು ಈಗಿಲ್ಲ. ಇದ್ದಿದ್ದರೆ, ನಕ್ಷೆಯ ಆ ಬರಿದಾದ ಸ್ಥಳದಲ್ಲಿ ಏನಿದೆಯೆಂಬ ವರದಿಯನ್ನು ಅವರಿಗೆ ಒಪ್ಪಿಸುತ್ತಿದ್ದೆವು. ಅವರಿಗೆ ಸಲ್ಲಬೇಕಾಗಿದ್ದುದನ್ನು ಈ ಸಂಚಿಕೆಯ ಮೂಲಕ ಶಾಲೆಗೆ ಸಲ್ಲಿಸಿ ವಿರಮಿಸುತ್ತೇವೆ.