ವಂಶವಾಹಿ, ಬೆಳಗಿನ ತಿಂಡಿ ಮತ್ತು ಸಕ್ಕರೆ

ಬೆಳಗ್ಗೆ ರಕ್ತದ ಸಕ್ಕರೆ ಏರುವುದಕ್ಕೆ ತಿಂಡಿಯೊಂದೇ ಕಾರಣವಲ್ಲ. ನಸುಕಿನಲ್ಲಿ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಹೆಚ್ಚುತ್ತವೆ, ಯಕೃತ್ತು ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಅದನ್ನು ಹಿಡಿತದಲ್ಲಿಡುವ ಇನ್ಸುಲಿನ್ ಎಷ್ಟು ಸ್ರವಿಸಬೇಕೆಂಬುದರಲ್ಲಿ ವಂಶವಾಹಿಗಳ ಕೈವಾಡವಿದೆ. ಅವುಗಳಲ್ಲಿ ಪ್ರಮುಖವಾದುದು ಟಿಸಿಎಫ್7ಎಲ್2. ಐಸ್‌ಲ್ಯಾಂಡಿನ ಸಂಶೋಧಕರು 2006ರಲ್ಲಿ ಇದಕ್ಕೂ ಮಧುಮೇಹಕ್ಕೂ ಇರುವ ನಂಟನ್ನು ತೋರಿಸಿದರು. ಮರುವರ್ಷವೇ ಪುಣೆಯ ಅಧ್ಯಯನವೊಂದು ಭಾರತೀಯರಲ್ಲೂ ಅದನ್ನು ಕಂಡಿತು. ಇದರ ಅಪಾಯಕಾರಿ ರೂಪ ತಂದೆ ತಾಯಿ ಇಬ್ಬರಿಂದಲೂ ಬಂದರೆ ಕಾಯಿಲೆಯ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ.

ವಂಶವಾಹಿಯನ್ನು ಬದಲಿಸಲಾಗದು, ತಟ್ಟೆಯನ್ನು ಬದಲಿಸಬಹುದು. ತರೀಕೆರೆಯ ಮಲೆನಾಡಿನಂಚಿನ ಅಕ್ಕಿ ರೊಟ್ಟಿ, ಕಡೂರಿನ ಬಯಲುಸೀಮೆಯ ರಾಗಿ ರೊಟ್ಟಿ, ಅಜ್ಜಂಪುರದ ಈರುಳ್ಳಿ ಹಾಕಿದ ಉಪ್ಪಿಟ್ಟು: ಮೂರರಲ್ಲೂ ಪಿಷ್ಟವೇ ಪ್ರಧಾನ. ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆ ತಪ್ಪು. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಆದರೆ ನಾರು ಸುಮಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನುಣ್ಣಗೆ ಬೀಸಿ ಗಂಜಿ ಕಾಯಿಸಿದರೆ ಪಿಷ್ಟ ಬೇಗ ಜೀರ್ಣವಾಗಿ ಆ ಲಾಭವೂ ಕುಗ್ಗುತ್ತದೆ.

ಒಣಭೂಮಿಯ ಬೆಳೆಯಾದ ಹುರುಳಿ ಇಲ್ಲಿ ನಿಜಕ್ಕೂ ದೊಡ್ಡ ಆಸರೆ. ಎರಡು ರೊಟ್ಟಿಯ ಬದಲು ಒಂದು ರೊಟ್ಟಿಯ ಜೊತೆ ಮೊಳಕೆ ಹುರುಳಿ ಪಲ್ಯ ತಿಂದರೆ, ಅದರ ಪ್ರೋಟೀನು, ನಾರು ಜಠರವನ್ನು ನಿಧಾನವಾಗಿ ಬರಿದುಮಾಡುತ್ತವೆ. ಗ್ಲೂಕೋಸು ರಕ್ತಕ್ಕೆ ತಡೆತಡೆದು ಸೇರುತ್ತದೆ. ಪಲ್ಯವನ್ನು ಮೊದಲು, ರೊಟ್ಟಿಯನ್ನು ಆಮೇಲೆ ತಿಂದರೆ ಏರಿಕೆ ಇನ್ನಷ್ಟು ತಗ್ಗುತ್ತದೆ.