ಅಂಗೈಯ ಗಣಕ

ಹಂಚಿ ಬಳಸುವುದೇ ದಾಸೋಹದ ತಿರುಳು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ 2001ರಲ್ಲಿ ಹೊರತಂದ ‘ಸಿಂಪ್ಯೂಟರ್’ ಎಂಬ ಅಂಗೈಗಣಕದಲ್ಲಿ ಈ ತತ್ತ್ವವೇ ಅಡಗಿತ್ತು. ಊರಿಗೊಂದೇ ಯಂತ್ರವಿದ್ದರೂ ಸಾಕು. ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡು. ಅದನ್ನು ತೂರಿಸಿದೊಡನೆ ಅವರವರ ಲೆಕ್ಕ ತೆರೆದುಕೊಳ್ಳುವುದು; ಹೊಸದಾಗಿ ಬರೆದುದು ಕಾರ್ಡಿಗೇ ಮರಳುವುದು. ಯಂತ್ರ ಸ್ಥಾವರವಾದರೆ ಕಾರ್ಡು ಜಂಗಮ. ಯಂತ್ರದ ಸ್ಮರಣೆ ಕಿರಿದಾದರೂ ಊರೆಲ್ಲರ ನೆನಪಿಗೆ ಎಡೆಯಿತ್ತು. ಓದುಬಾರದವರಿಗೆ ಕನ್ನಡದಲ್ಲಿ ಓದಿ ಹೇಳುವ ಏರ್ಪಾಡೂ ಇತ್ತು.

2004ರಲ್ಲಿ ಪಿಕೊಪೆಟಾ, ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು ಇದನ್ನು ‘ಅಮಿಡಾ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದವು. 10,000 ರೂಪಾಯಿಗಳ ಆಸುಪಾಸಿನಿಂದ ಮೊದಲಾಗುತ್ತಿದ್ದ ಬೆಲೆ ಬಡವರಿಗೆ ಎಟುಕಲಿಲ್ಲ. ಮೊಬೈಲು ಬಂದು ಅದನ್ನು ಮರೆಸಿತು. ಇಂದು ಗುರುಪುರದ ರೈತನಲ್ಲಿಯೂ ಫೋನಿದೆ. ಅದರೊಳಗಿನ ಮಾಹಿತಿ ಬಹುಮಟ್ಟಿಗೆ ಪರರ ಭಂಡಾರದಲ್ಲಿದೆ. ತನ್ನ ಲೆಕ್ಕ ತನ್ನ ಜೇಬಿನಲ್ಲಿರಲೆಂಬ ಆ ಹಿರಿಯ ಆಶಯವನ್ನು ನಮ್ಮ ಮಕ್ಕಳು ಮುಂದುವರಿಸಲಿ.